ನಲ್ಲಪ್ಪ ಮಾವನ ಎಡಗಾಲು

ಕಾರ್ಯದರ್ಶಿ ವೆಂಕಟರಾಯಪ್ಪನವರು ರಜೆ ಕೊಡುತ್ತಿದ್ದುದು ಒಂದೇ ಕಾರಣಕ್ಕೆ: ಸಾವು. ಮದುವೆಗೆ ಇಲ್ಲ, ಜ್ವರಕ್ಕೆ ಇಲ್ಲ. ಹೆಂಡತಿಯ ಹೆರಿಗೆ ಅಂತ ಕೇಳಿದವನಿಗೆ, "ಹೆರೋದು ಅವ್ರಲ್ವೇನ್ರೀ, ನೀವ್ಯಾಕೆ?" ಅಂದಿದ್ದರು. ಆದರೆ ಯಾರೋ ಹೋಗಿಬಿಟ್ಟರು ಅಂದರೆ ಸಾಕು, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ, "ಹೋಗ್ಬನ್ನಿ, ಮಣ್ಣಿಗೆ ಹೋಗ್ದಿದ್ರೆ ಆಗತ್ತಾ?" ಎನ್ನುತ್ತಿದ್ದರು. ಅವರ ಈ ಒಂದು ಒಳ್ಳೆಯ ಗುಣವೇ ನಮ್ಮ ಅಂಬರೀಶನನ್ನು ಹಾಳು ಮಾಡಿತು.

ಅಂಬರೀಶ ಶಿಡ್ಲಘಟ್ಟದ ಒಂದು ರೇಷ್ಮೆ ಬೆಳೆಗಾರರ ಸಂಘದಲ್ಲಿ ಗುಮಾಸ್ತ. ಒಳಗೊಳಗೇ ಹಾಸ್ಯ ಸಾಹಿತಿ. ಕಾವ್ಯನಾಮ 'ಗುಂಗುರು'. ಅವನ ತಲೆ ನೋಡಿದವರಿಗೆ ಆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಣೆಯ ಮೇಲೆ ಸುರುಳಿ ಸುರುಳಿಯಾಗಿ ಕುಣಿಯುವ ಕೂದಲು, ಅದಕ್ಕೊಂದು ಬಾಚಣಿಗೆ ಸದಾ ಅಂಗಿಯ ಜೇಬಿನಲ್ಲಿ. ಪೆನ್ನು ಮರೆತು ಆಫೀಸಿಗೆ ಬಂದಾನು, ಬಾಚಣಿಗೆ ಮರೆತವನಲ್ಲ. ತಾನು ಬರೆಯುತ್ತೇನೆ ಅನ್ನುವುದನ್ನು ಮಾತ್ರ ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ಕತೆಗಳಲ್ಲಿ ತಮ್ಮನ್ನೇ ಹುಡುಕುತ್ತಾರೆ, ಹುಡುಕಿದರೆ ಸಿಕ್ಕಿಯೂ ಬಿಡುತ್ತಾರೆ ಎಂಬ ಭಯ.

ಇಂಥವನ ಕತೆಗೆ ಗೌರಿಬಿದನೂರಿನ 'ನಗೆ ಬಳಗ' ಬಹುಮಾನ ಕೊಟ್ಟುಬಿಟ್ಟಿತು. ಶುಕ್ರವಾರ ಮಧ್ಯಾಹ್ನ ಸಮಾರಂಭ. ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಜೊತೆಗೆ ತುಂಬಿದ ಸಭೆಯ ಮುಂದೆ ಕತೆ ಓದುವ ಭಾಗ್ಯ. ಅಂಬರೀಶನಿಗೆ ಹುಟ್ಟಿದಾಗಿನಿಂದ ಯಾರೂ ಶಾಲು ಹೊದಿಸಿರಲಿಲ್ಲ. ಮದುವೆಯಲ್ಲಿ ಕೂಡ ಮಾವನವರು ಟವಲ್ಲಿನಲ್ಲೇ ಮುಗಿಸಿದ್ದರು. ಆ ಮಾವನವರ ಮುಂದೆ ಶಾಲು ಹೊದ್ದ ಫೋಟೋ ಒಂದನ್ನು ಹಿಡಿಯಬೇಕು ಎನ್ನುವುದೇ ಅವನ ಬಾಳಿನ ಆಸೆಯಾಗಿ ಹೋಯಿತು.

ಆದರೆ ಶಾಲು ಹೊದೆಯೋಕೆ ವೆಂಕಟರಾಯಪ್ಪ ರಜೆ ಕೊಡುವವರೇ? ಯಾರಾದರೂ ಸಾಯಬೇಕಿತ್ತು. ಅಂಬರೀಶ ಕತೆಗಾರ; ಸಾಯಲು ಜನ ಇಲ್ಲದಿದ್ದರೆ ಹುಟ್ಟಿಸಬಲ್ಲ.

ಕತೆಯ ವಿಷಯದಲ್ಲಿ ಅವನದೊಂದು ಸಿದ್ಧಾಂತವಿತ್ತು: ಹುಳಕ್ಕೆ ಸೊಪ್ಪು ಹಾಕದೆ ಗೂಡು ಕೇಳಬಾರದು. ಕೊನೆಗೆ ಏನು ಬೇಕೋ ಅದನ್ನು ಮೊದಲೇ ಸ್ವಲ್ಪ ಸ್ವಲ್ಪವಾಗಿ ತಿನ್ನಿಸುತ್ತಾ ಬರಬೇಕು. ಇದ್ದಕ್ಕಿದ್ದಂತೆ ಒಬ್ಬ ಸೋದರಮಾವ ಹುಟ್ಟಿ ಅವತ್ತೇ ಸತ್ತರೆ ಯಾರು ನಂಬುತ್ತಾರೆ? ಹಾಗಾಗಿ ಎಷ್ಟೋ ದಿನ ಮುಂಚಿನಿಂದಲೇ, ಆಫೀಸಿನ ಟೀ ಹೊತ್ತಿನಲ್ಲಿ, ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯ ನಲ್ಲಪ್ಪ ಮಾವ ನಿಧಾನವಾಗಿ ಜೀವ ತಳೆದರು.

ಮೊದಲು ಬರೀ ಒಂದು ಹೆಸರು. ಆಮೇಲೆ ಬೀಡಿ. ಆಮೇಲೆ, ಸೀಮೆ ಹಸು ಒದ್ದು ಕುಂಟಾದ ಎಡಗಾಲು. ಹಸು ಒದ್ದ ಮೇಲೂ ಅದನ್ನು ಮಾರದೆ, "ಅದರದೇನು ತಪ್ಪು, ನಾನು ಹಿಂದ್ಗಡೆ ನಿಂತಿದ್ದೆ" ಎಂದ ದೊಡ್ಡ ಮನಸ್ಸು. ಮಕ್ಕಳಿಲ್ಲ. ಅಂಬರೀಶನನ್ನೇ ಹೆಗಲ ಮೇಲೆ ಹೊತ್ತು ಸ್ವಂತ ಮಗನ ಹಾಗೆ ಸಾಕಿದ ಜೀವ. ಹಿರಿಯ ಗುಮಾಸ್ತೆ ಅಮ್ಮಾಜಮ್ಮನಿಗಂತೂ ನಲ್ಲಪ್ಪನ ಸುದ್ದಿ ಕೇಳದೆ ಟೀ ಇಳಿಯುತ್ತಿರಲಿಲ್ಲ. ಕ್ಯಾಷಿಯರ್ ಉಸ್ಮಾನ್ ಸಾಬ್ ಕಾಲಿಗೆ ತಿಕ್ಕಲು ಎಣ್ಣೆಯ ಸೀಸೆಯೊಂದನ್ನೇ ತಂದುಕೊಟ್ಟರು. ಒಮ್ಮೆ ವೆಂಕಟರಾಯಪ್ಪನವರೂ ಆ ಕಡೆ ಹಾಯುತ್ತಾ, "ಯಾವ ಕಾಲು ಅಂದ್ರಿ?" ಎಂದು ಕೇಳಿದ್ದರು.

"ಎಡಗಾಲು ಸಾರ್."

"ಪಾಪ," ಎಂದು ಹೋಗಿದ್ದರು.

ಹೆಂಡತಿ ಮಾಲಾಗೆ ಮಾತ್ರ ಇದು ಸರಿಬರಲಿಲ್ಲ. "ಸಾಯ್ಸೋ ಮನುಷ್ಯನ್ನ ಇಷ್ಟು ಮುದ್ದಾಗಿ ಯಾಕ್ರೀ ಸಾಕ್ತೀರ? ಯಾರೋ ದೂರದ ನೆಂಟ್ರು ಹೋದ್ರು ಅಂದ್ರೆ ಮುಗೀತಪ್ಪ."

"ದೂರದ ನೆಂಟ್ರಿಗೆ ಅರ್ಧ ದಿನಾನೇ ಕೊಡೋದು ಕಣೇ. ಪಾತ್ರ ಬೆಳೀಬೇಕು. ಬೆಳೆದ್ರೇನೇ ಸತ್ತಾಗ ಜನ ಅಳ್ತಾರೆ."

"ಅತ್ರೆ ನಿಮಗೇನು ಲಾಭ?" ಎಂದಳು ಅವಳು. ಆ ಪ್ರಶ್ನೆಗೆ ಅಂಬರೀಶ ಬೆಲೆ ಕೊಡಲಿಲ್ಲ.

ಶುಕ್ರವಾರ ಬೆಳಿಗ್ಗೆ, ಮೊದಲೇ ಮಾತಾಡಿಕೊಂಡಂತೆ ಮಾಲಾಳ ಫೋನು ಬಂತು. ಅಂಬರೀಶ "ಹಲೋ" ಎಂದ, "ಯಾವಾಗ?" ಎಂದ, ಕೈಯಲ್ಲಿದ್ದ ಟೀ ಲೋಟವನ್ನು ನೆಲಕ್ಕೆ ಬಿಟ್ಟ. ಸ್ಟೀಲ್ ಲೋಟ ಉರುಳುತ್ತಾ ಹೋಗಿ ಸರಿಯಾಗಿ ವೆಂಕಟರಾಯಪ್ಪನವರ ಕಾಲ ಬಳಿ ನಿಂತಿತು.

"ಮಾವ ಹೋಗ್ಬಿಟ್ರು ಸಾರ್! ಆ ಕುಂಟು ಬಲಗಾಲು ಎಳ್ಕೊಂಡೇ ನನ್ನ ಹೊತ್ಕೊಂಡು ಸ್ಕೂಲಿಗೆ ಬಿಡ್ತಿದ್ರು ಸಾರ್!" ಎಂದು ಮೇಜಿನ ಮೇಲೆ ತಲೆಯಿಟ್ಟ. ಕೂದಲು ಕೆಡದ ಹಾಗೆ ಸ್ವಲ್ಪ ಓರೆಯಾಗಿ ಇಟ್ಟ.

ವೆಂಕಟರಾಯಪ್ಪ ಕನ್ನಡಕ ತೆಗೆದು ಒರೆಸಿದರು. ಎಂದಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಒರೆಸಿದರು. "ಹೋಗ್ಬನ್ನಿ," ಎಂದರು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಅಮ್ಮಾಜಮ್ಮ ಎದೆ ಬಡಿದುಕೊಂಡು ಎದ್ದಳು. "ಅಯ್ಯೋ ದೇವುಡಾ! ಮೊನ್ನೆ ತಾನೇ ಎಣ್ಣೆ ತಿಕ್ಕಿಸ್ಕೊಂಡ್ನಲ್ಲಪ್ಪ! ನಡೀರಿ, ಎಲ್ರೂ ಹೋಗಣ. ಅಂಥಾ ಮನುಷ್ಯನ್ನ ಕೊನೇ ಸಲ ನೋಡ್ದಿದ್ರೆ ನಂಗೆ ನಿದ್ದೆ ಬರಲ್ಲ."

"ಟೆಂಪೋಗೆ ನಾನು ಫೋನ್ ಮಾಡ್ತೀನಿ," ಎಂದರು ಉಸ್ಮಾನ್ ಸಾಬ್, ಕಣ್ಣೊರೆಸಿಕೊಳ್ಳುತ್ತಾ.

ಸತ್ತವರ ಕಣ್ಣು ದೊಡ್ಡದು ಅನ್ನುತ್ತಾರೆ. ಹುಟ್ಟದೇ ಸತ್ತವನ ಕಣ್ಣು ಇಷ್ಟು ದೊಡ್ಡದಾಗುತ್ತದೆಂದು ಅಂಬರೀಶ ಎಣಿಸಿರಲಿಲ್ಲ. "ಬೇಡ, ಬೇಡ! ಆಗ್ಲೇ ಎತ್ತೋಕೆ ನಿಂತಿದಾರಂತೆ. ಟೆಂಪೋ ಬರೋಷ್ಟರಲ್ಲಿ ಎಲ್ಲಾ ಮುಗಿದಿರತ್ತೆ. ನಾನೊಬ್ನೇ ಓಡ್ತೀನಿ."

"ಓಡೋದ್ಯಾಕೆ? ನನ್ನ ಸ್ಕೂಟರ್ ಇಲ್ವಾ?" ಉಸ್ಮಾನ್ ಸಾಬ್ ಅವನನ್ನು ಎತ್ತಿ ಕೂರಿಸಿಕೊಂಡೇ ಬಿಟ್ಟರು. ಅಮ್ಮಾಜಮ್ಮ ಹೂವಿನಂಗಡಿಗೆ ಓಡಿ, ಸೇವಂತಿಗೆಯದೊಂದು ಆಳುದ್ದದ ಹಾರ ತಂದು ಅವನ ಚೀಲಕ್ಕೆ ತುರುಕಿದಳು. ಗೌರಿಬಿದನೂರು ಪಶ್ಚಿಮಕ್ಕೆ, ಸ್ಕೂಟರ್ ಹೊರಟಿದ್ದು ಪೂರ್ವಕ್ಕೆ, ಚಿಂತಾಮಣಿ ಬಸ್ಸಿನ ಕಡೆಗೆ.

ಮುಂದಿನ ಸ್ಟಾಪಿನಲ್ಲಿ ಇಳಿದರಾಯಿತು ಎಂದುಕೊಂಡ ಅಂಬರೀಶ. ಆದರೆ ಉಸ್ಮಾನ್ ಸಾಬ್ ತಾವೇ ಟಿಕೆಟ್ ತೆಗೆಸಿ, ಕಂಡಕ್ಟರನ ಕೈ ಹಿಡಿದು, "ಸಾವಿನ ಮನೆಗೆ ಹೊಂಟವ್ರೆ ಭಾಯ್, ಸ್ವಲ್ಪ ನೋಡ್ಕೊಳ್ಳಿ," ಎಂದು ಒಪ್ಪಿಸಿ ಹೋದರು. ಆ ಕಂಡಕ್ಟರನೋ, ವಹಿಸಿದ ಕೆಲಸ ಬಿಡುವವನಲ್ಲ. ಅಂಬರೀಶ ಎದ್ದಾಗಲೆಲ್ಲ ಭುಜ ಅದುಮಿ ಕೂರಿಸಿದ.

"ನಂಗೆ ಇಲ್ಲೇ ಇಳೀಬೇಕು ಕಣ್ರೀ."

"ದುಃಖದಲ್ಲಿ ಹಂಗೇ ಅನ್ಸತ್ತೆ ಸಾರ್. ಇನ್ನೂ ಊರು ಬಂದಿಲ್ಲ, ಕೂತ್ಕಳಿ. ಧೈರ್ಯ ತಗಳಿ."

ಚಿಂತಾಮಣಿಯಲ್ಲಿ ಬಸ್ಸು ನಿಂತಾಗ ವಾಂತಿ ಬರುತ್ತದೆ ಎಂದು ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಇಳಿದವನು ತಿರುಗಿ ನೋಡದೆ ಓಡಿ, ಎದುರಿಗೆ ಹೊರಟಿದ್ದ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದ. ಆ ಬಸ್ಸು ಮತ್ತೆ ಶಿಡ್ಲಘಟ್ಟದ ಮೇಲೇ ಹೋಗಬೇಕು. ಆಫೀಸಿನ ಮುಂದೆ ಹಾಯುವಾಗ ತನ್ನ ಕೂದಲನ್ನು ಯಾರಾದರೂ ಗುರುತು ಹಿಡಿದಾರು ಎಂದು ತಲೆಗೆ ಟವಲು ಸುತ್ತಿ, ಸೀಟಿನ ಕೆಳಗೆ ಬಗ್ಗಿ, ಸೇವಂತಿಗೆ ಹಾರದೊಳಗೆ ಮುಖ ಹುದುಗಿಸಿಕೊಂಡ. ಪಕ್ಕದಲ್ಲಿದ್ದ ಮುದುಕಿ ಲೊಚಗುಟ್ಟಿ ಅವನ ಬೆನ್ನು ಸವರಿದಳು.

ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರು ಸೇರುವಷ್ಟರಲ್ಲಿ ಸಮಾರಂಭ ಶುರುವಾಗಿಯೇ ಬಿಟ್ಟಿತ್ತು. ನಗೆ ಬಳಗದ ಹರಿಕೃಷ್ಣ ಬಾಗಿಲಲ್ಲೇ ಕಾದಿದ್ದ. "ಎಲ್ಲಿ ಹೋಗಿದ್ರಿ ಸಾರ್? ಶಾಲು ಹಿಡ್ಕೊಂಡು ಕೂತಿದೀವಿ!" ಅಂಬರೀಶ ಬಾಚಣಿಗೆ ತೆಗೆದು, ಬಸ್ಸಿನ ಧೂಳನ್ನೂ ಸೇವಂತಿಗೆಯ ಎಸಳನ್ನೂ ಕೂದಲಿನಿಂದ ಬಿಡಿಸಿ, ವೇದಿಕೆ ಹತ್ತಿ ಮೈಕಿನ ಮುಂದೆ ನಿಂತ. ಮೊದಲ ಸಾಲಿಗೇ ಸಭೆ ಗೊಳ್ಳೆಂದು ನಕ್ಕಿತು. ಆಹಾ, ಇದಕ್ಕಾಗಿ ಒಬ್ಬ ಮಾವನೇನು, ಹತ್ತು ಮಾವಂದಿರನ್ನು ಕೊಲ್ಲಬಹುದು ಅನ್ನಿಸಿತು ಅವನಿಗೆ.

ಆಗ ಹಿಂದಿನ ಬಾಗಿಲು ತೆರೆಯಿತು. ಮುಂದೆ ವೆಂಕಟರಾಯಪ್ಪ, ಹಿಂದೆ ಅಮ್ಮಾಜಮ್ಮ, ಉಸ್ಮಾನ್ ಸಾಬ್, ಅವರ ಹಿಂದೆ ಇಡೀ ಆಫೀಸು.

ನಡೆದದ್ದು ಇಷ್ಟು. ಟೆಂಪೋಗೆ ಆಗಲೇ ಫೋನು ಹೋಗಿತ್ತು, ಗಾಡಿ ಬಂದು ನಿಂತಿತ್ತು. ಯಾರಿಗೂ ಕೆಲಸದಲ್ಲಿ ಮನಸ್ಸಿಲ್ಲ. ವೆಂಕಟರಾಯಪ್ಪನವರೇ ನಲ್ಲಪ್ಪನ ಗೌರವಾರ್ಥ ಅರ್ಧ ದಿನ ರಜೆ ಸಾರಿ, "ಮನಸ್ಸು ಭಾರ ಆಗಿದೆ. ಗೌರಿಬಿದನೂರಲ್ಲಿ ಏನೋ ಹಾಸ್ಯ ಕಾರ್ಯಕ್ರಮ ಇದ್ಯಂತೆ, ಹೋಗಿ ನಕ್ಕು ಬರಣ" ಎಂದು ಎಲ್ಲರನ್ನೂ ಹತ್ತಿಸಿದ್ದರು.

"ಅಂಬರೀಶಪ್ಪಾ!" ಅಮ್ಮಾಜಮ್ಮನ ಕೂಗಿಗೆ ಸಭೆಯೇ ತಿರುಗಿತು. ಮುಗಿಯಿತು, ಇನ್ನು ಇವಳು ಚಪ್ಪಲಿ ತೆಗೆಯುತ್ತಾಳೆ ಎಂದುಕೊಂಡ ಅಂಬರೀಶ. ಅಮ್ಮಾಜಮ್ಮ ವೇದಿಕೆಯ ಬುಡಕ್ಕೇ ಬಂದು, ಅವನ ಚೀಲದಿಂದ ಇಣುಕುತ್ತಿದ್ದ ಹಾರ ನೋಡಿದಳು. "ಮುಖ ನೋಡೋಕೂ ಸಿಗ್ಲಿಲ್ವೇನಪ್ಪ? ಎತ್ಬಿಟ್ಟಿದ್ರಾ? ಅಂಥಾ ದುಃಖ ನುಂಗ್ಕೊಂಡು ಜನಗಳ್ನ ನಗ್ಸೋಕೆ ಬಂದ್ಯಾ?"

ಪಾತ್ರ ಗಟ್ಟಿಯಾಗಿದ್ದರೆ ತೂತುಗಳನ್ನು ಕೇಳುಗರೇ ಮುಚ್ಚಿಕೊಳ್ಳುತ್ತಾರೆ. ಅಂಬರೀಶ ಸುಮ್ಮನೆ ತಲೆಯಾಡಿಸಿದ.

ವೆಂಕಟರಾಯಪ್ಪ ವೇದಿಕೆ ಹತ್ತಿ ಮೈಕು ತೆಗೆದುಕೊಂಡರು. ಸಾಕಿದ ಮಾವನನ್ನು ಬೆಳಿಗ್ಗೆ ಕಳೆದುಕೊಂಡು, ಕೊಟ್ಟ ಮಾತಿಗೆ ತಪ್ಪಬಾರದೆಂದು ಮಧ್ಯಾಹ್ನ ನಗಿಸಲು ಬಂದ ಈ ಮಹಾನುಭಾವ ತಮ್ಮ ಕೈಕೆಳಗಿನ ನೌಕರ ಎಂದರು. ಸಭೆ ಎದ್ದು ನಿಂತು ಮೌನ ಆಚರಿಸಿತು. ನಲ್ಲಪ್ಪನ ಫೋಟೋ ಇಲ್ಲದ್ದರಿಂದ ಖಾಲಿ ಕುರ್ಚಿಯೊಂದಕ್ಕೇ ಆ ಹಾರ ಹಾಕಿದರು. ಆಮೇಲೆ, "ಓದಿ ಸಾರ್, ಮುಂದುವರಿಸಿ," ಎಂದ ಹರಿಕೃಷ್ಣ, ಗದ್ಗದ ದನಿಯಲ್ಲಿ.

ಅಂಬರೀಶ ಓದಿದ. ಅತ್ತೆ ಸೊಸೆಯ ಹಲ್ಲಿನ ಸೆಟ್ಟು ಬದಲಾಗುವ ಜಾಗ ಬಂತು. ಎಂಥವರೂ ಬಿದ್ದು ಬಿದ್ದು ನಗಬೇಕಾದ ಜಾಗ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. "ಒಳಗೆ ಎಷ್ಟು ನೋವಿಟ್ಕೊಂಡು ಬರ್ದಿದಾರೆ ನೋಡಿ," ಎಂದು ಯಾರೋ ಬಿಕ್ಕಿದರು. ಕತೆ ಮುಗಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ, ಎಲ್ಲರೂ ಕೈ ಮುಗಿದರು.

ಹೋಗಲಿ, ಶಾಲಾದರೂ ಬಂತಲ್ಲ ಎಂದು ಅಂಬರೀಶ ಕತ್ತು ಬಗ್ಗಿಸಿದ. ಹರಿಕೃಷ್ಣ ಶಾಲು ಬಿಡಿಸಿದ್ದೇ ತಡ, ವೆಂಕಟರಾಯಪ್ಪ ಕೈ ಅಡ್ಡ ಹಿಡಿದರು. "ತಪ್ಪು ತಪ್ಪು! ಸೂತಕದಲ್ಲಿರೋರಿಗೆ ಸನ್ಮಾನ ಮಾಡ್ತಾರೇನ್ರೀ?"

"ಹೌದಲ್ವಾ!" ಎಂದಳು ಅಮ್ಮಾಜಮ್ಮ. "ಸೋದರಮಾವ ಅಂತ ಬಿಡೋಹಂಗಿಲ್ಲ, ಸ್ವಂತ ಮಗನಂಗೆ ಸಾಕಿದೋನು. ತಿಥಿ ಮುಗಿಯೋವರ್ಗೂ ಏನೂ ಮುಟ್ಟಬಾರ್ದು."

"ಆಮೇಲೆ ಕೊಟ್ರೂ ಪರವಾಗಿಲ್ಲ," ಎಂದ ಅಂಬರೀಶ ಕ್ಷೀಣವಾಗಿ.

"ಬಿಡಿಸಿದ ಶಾಲನ್ನ ಮಡಿಚಬಾರ್ದು ಸಾರ್," ಎಂದು ಹರಿಕೃಷ್ಣ ತಬ್ಬಿಬ್ಬಾದ. ಕೊನೆಗೆ ಸಭೆಯೇ ಒಂದು ದಾರಿ ಹೇಳಿತು: ಇಂಥ ನೌಕರನನ್ನು ಬೆಳೆಸಿದ ಮೇಲಧಿಕಾರಿಗೇ ಹೊದಿಸಿಬಿಡಿ. ವೆಂಕಟರಾಯಪ್ಪ ಬೇಡ ಬೇಡ ಎನ್ನುತ್ತಲೇ ಕತ್ತು ಬಗ್ಗಿಸಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಆಯಿತು. ಈಗ ಸಭೆ ಮನಸಾರೆ ಚಪ್ಪಾಳೆ ತಟ್ಟಿತು.

ವಾಪಸು ಬರುವಾಗ ಟೆಂಪೋದಲ್ಲಿ ವೆಂಕಟರಾಯಪ್ಪ ಪೇಟ ಸಮೇತ ಅಂಬರೀಶನ ಪಕ್ಕದಲ್ಲೇ ಕೂತರು. ಒಂದು ಸೇಬು ಕಚ್ಚಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಅಂಬರೀಶ್, ಕುಂಟನ ಪಾತ್ರ ಕಟ್ಟಿದ್ರೆ ಯಾವ ಕಾಲು ಅಂತ ನೆನಪಿಟ್ಕೋಬೇಕು ಕಣ್ರೀ. ಬದುಕಿದ್ದಾಗ ಎಡಗಾಲು, ಸತ್ತ ಮೇಲೆ ಬಲಗಾಲು ಆಗತ್ತಾ?"

"ಸಾರ್... ನಿಮಗೆ..."

"ಹೋದ ವಾರಾನೇ ನನ್ನ ಭಾಮೈದ ಗೌರಿಬಿದನೂರಿಂದ ಆಹ್ವಾನ ಪತ್ರಿಕೆ ವಾಟ್ಸಾಪ್ ಮಾಡಿದ್ದ. ಫೋಟೋದಲ್ಲಿ ಕಪ್ಪು ಕನ್ನಡಕ ಹಾಕ್ಕೊಂಡ್ರೆ ಆಯ್ತಾ? ಆ ಕೂದಲು?"

"ಮತ್ತೆ ಬೆಳಿಗ್ಗೇನೇ ಯಾಕೆ ಹೇಳ್ಲಿಲ್ಲ ಸಾರ್?"

ವೆಂಕಟರಾಯಪ್ಪ ಶಾಲಿನ ಜರಿಯನ್ನು ಬೆರಳಲ್ಲಿ ಸವರಿದರು. "ಇಷ್ಟು ವರ್ಷ ಸರ್ವೀಸಲ್ಲಿ ನಂಗೂ ಯಾರೂ ಒಂದು ಶಾಲು ಹೊದಿಸಿರ್ಲಿಲ್ಲ ಕಣ್ರೀ. ಸೊಪ್ಪು ನೀವು ಹಾಕಿದ್ರಿ. ಗೂಡು ನಾನು ಬಿಡಿಸ್ಕೊಂಡೆ." ಇನ್ನೊಂದು ಸಲ ಸೇಬು ಕಚ್ಚಿದರು. "ಹೆದರ್ಬೇಡಿ, ನಾನು ಯಾರಿಗೂ ಹೇಳಲ್ಲ."

ಅಷ್ಟರಲ್ಲಿ ಮುಂದಿನ ಸೀಟಿನಿಂದ ಅಮ್ಮಾಜಮ್ಮ ತಿರುಗಿ, ಅವನ ಹಣೆಯ ಮೇಲಿನ ಸುರುಳಿಗಳನ್ನೇ ದಿಟ್ಟಿಸಿ ನೋಡಿದಳು.

"ಅಲ್ಲಪ್ಪ, ಮಗನಂಗೆ ಸಾಕಿದೋನು ಅಂತೀಯ. ತಲೆ ಬೋಳಿಸ್ಕೊಂಡಿಲ್ವಲ್ಲ?"

ಟೆಂಪೋದಲ್ಲಿದ್ದವರೆಲ್ಲ ಅವನ ತಲೆಯತ್ತ ತಿರುಗಿದರು. ಅಂಬರೀಶ ವೆಂಕಟರಾಯಪ್ಪನವರ ಮುಖ ನೋಡಿದ. ಅವರು ಕನ್ನಡಕ ತೆಗೆದು, ಹೊಸ ಶಾಲಿನ ಅಂಚಿನಲ್ಲಿ ಒರೆಸತೊಡಗಿದರು.

"ಬೆಳಿಗ್ಗೆ... ಬೆಳಿಗ್ಗೆ ಬೋಳಿಸ್ಕೋತೀನಿ ಅಮ್ಮಾಜಮ್ಮ," ಎಂದ.

ಮರುದಿನ ಕ್ಷೌರದಂಗಡಿಯಲ್ಲಿ ಕುರ್ಚಿಯ ಮೇಲೆ ಕೂತು, ಜೇಬಿನಿಂದ ಬಾಚಣಿಗೆ ತೆಗೆದು ಕೊನೆಯ ಸಲ ಬಾಚಿಕೊಂಡ. ಅಂಗಡಿಯವನು ತಲೆಗೆ ನೀರು ಚಿಮುಕಿಸುತ್ತಾ ಮೆಲ್ಲಗೆ ಕೇಳಿದ, "ಯಾರು ಸಾರ್ ಹೋಗಿದ್ದು?"

"ಸೋದರಮಾವ. ಕೆಂಚಾರ್ಲಹಳ್ಳಿ ನಲ್ಲಪ್ಪ ಅಂತ," ಎಂದ ಅಂಬರೀಶ. ಕತ್ತಿ ಹಣೆಗೆ ತಾಗಿತು, ಮೊದಲ ಸುರುಳಿ ಮಡಿಲಿಗೆ ಬಿತ್ತು. ಈ ಸಲ ಕಣ್ಣೀರು ತಾನಾಗಿಯೇ ಬಂತು. "ಬಂಗಾರದಂಥ ಮನುಷ್ಯ ಕಣಪ್ಪ. ಎಡಗಾಲು ಕುಂಟು. ಎಡಗಾಲು."