ಆಯ್ತಪ್ಪನ ಡಿಬಗ್ಗಿಂಗ್

ಹೆಂಡತಿ ತನ್ನ ಕೆಲಸದ ಬಗ್ಗೆ ಒಂದು ದಿನವೂ ಕಿವಿಗೊಟ್ಟು ಕೇಳಿದವಳಲ್ಲ ಎಂಬುದು ಆಯ್ತಪ್ಪನ ಬಹುಕಾಲದ ಕೊರಗು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಲು ಹೋಗಿದ್ದ. ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು. ಮೊನ್ನೆ ಮಾತ್ರ ಕಣ್ಣರಳಿಸಿಕೊಂಡು ಪೂರ್ತಿ ಕೇಳಿದಳು. ನಿದ್ದೆ ಮಾಡಿದ್ದರೇ ಅವನಿಗೆ ಒಳ್ಳೆಯದಿತ್ತು.

ಆಯ್ತಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಯಾರು ಏನು ಕೇಳಿದರೂ "ಆಯ್ತಪ್ಪ" ಎಂದುಬಿಡುವ ಅವನ ಔದಾರ್ಯವನ್ನು ಮೆಚ್ಚಿ ಆಫೀಸಿನವರು ದಯಪಾಲಿಸಿದ ಬಿರುದು. ಲಿಫ್ಟುಗಳಿಗೆ ಪ್ರೋಗ್ರಾಂ ಬರೆಯುವುದು ಅವನ ಕಸುಬು, ಮನೆಯಿಂದಲೇ ಕೆಲಸವಾದ್ದರಿಂದ ಊಟದ ಮೇಜೇ ಅವನ ಕಾರ್ಯಕ್ಷೇತ್ರ. ಆ ವಾರ ಹೊಸ ಕಟ್ಟಡವೊಂದರಲ್ಲಿ ಅವನ ಲಿಫ್ಟಿಗೆ ತಲೆ ಕೆಟ್ಟಿತ್ತು. ಐದನೇ ಮಹಡಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾದವರು ಎಂಟನೇ ಮಹಡಿಯ ವಕೀಲರ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದರು. (ವಕೀಲರು ಅದಕ್ಕೂ ಫೀಸು ತೆಗೆದುಕೊಂಡರಂತೆ.)

ಇಂಥ ತಪ್ಪು ಸಿಗದೆ ಹೋದಾಗ ಈ ಕಸುಬಿನವರು ಮಾಡುವ ಉಪಾಯವೊಂದಿದೆ. ಏನೂ ಗೊತ್ತಿಲ್ಲದವರನ್ನು ಎದುರಿಗೆ ಕೂರಿಸಿಕೊಂಡು ಪ್ರೋಗ್ರಾಮನ್ನು ಸಾಲುಸಾಲಾಗಿ ವಿವರಿಸುವುದು. ವಿವರಿಸುತ್ತಿದ್ದಂತೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಕೆಲವರು ಇದಕ್ಕೆಂದೇ ಒಂದು ರಬ್ಬರ್ ಬಾತುಕೋಳಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ಯಾಕೆ ದುಡ್ಡು ದಂಡ ಎಂದು ಆಯ್ತಪ್ಪ ಹೆಂಡತಿಯನ್ನು ಕರೆದ.

"ಇದು ಡಿಬಗ್ಗರ್, ತಪ್ಪು ಹುಡುಕೋ ಸಾಧನ. ಪ್ರೋಗ್ರಾಮನ್ನ ಓಡೋಕೆ ಬಿಡದೆ ಒಂದೊಂದೇ ಸಾಲು ನಡೆಸುತ್ತೆ. ಪಕ್ಕದಲ್ಲಿ ನೋಡು, ‘ಮಹಡಿ’ ಅಂತ ಹೆಸರಿರೋ ಡಬ್ಬಿ, ವೇರಿಯಬಲ್ ಅಂತೀವಿ. ಈಗ ಅದರಲ್ಲಿ ಐದು ಇದೆ."

"ಸರಿ."

"ಈಗ ಈ ಫಂಕ್ಷನ್ ಒಳಗೆ ಹೋಗ್ತೀನಿ."

"ಎಂಟಾಯ್ತಲ್ಲ."

"ಆಚೆ ಬಂದೆ."

"ಮತ್ತೆ ಐದು." ಅವಳು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅದ್ಯಾಕ್ರೀ ಹಾಗೆ?"

ಅವಳು ಹಾಗೆ ಕೇಳಿದ್ದೇ ತಡ, ಆಯ್ತಪ್ಪ ಉಬ್ಬಿಹೋದ. "ಅದೇ ಸ್ಕೋಪ್ ಅಂದ್ರೆ. ಒಂದೊಂದು ಫಂಕ್ಷನ್ನೂ ಒಂದೊಂದು ಕೋಣೆ ಅಂದ್ಕೋ. ಹೆಸರು ಒಂದೇ, ಆದ್ರೆ ಒಳಗಿನ ಮಹಡಿ ಬೇರೆ, ಹೊರಗಿನದು ಬೇರೆ. ಈ ಕೋಣೇಲಿ ಏನಿದೆ ಅಂತ ಆ ಕೋಣೆಗೆ ಗೊತ್ತೇ ಆಗಲ್ಲ."

"ಆಚೆ ಬಂದ್ಮೇಲೆ ಒಳಗಿದ್ದಿದ್ದು ಏನಾಗುತ್ತೆ?"

"ಹೋಯ್ತು. ಗುರುತೂ ಇರಲ್ಲ."

"ಮತ್ತೆ ಹಿಡಿಯೋದು ಹೇಗೆ?"

"ಓಡ್ತಿರುವಾಗ ಹಿಡಿಯೋಕಾಗಲ್ಲ. ಒಂದು ಕಡೆ ನಿಲ್ಲಿಸಿ, ಯಾವ ಕೋಣೇಲಿ ಏನಿತ್ತು ಅಂತ ಒಂದೊಂದಾಗಿ ನೋಡ್ತಾ ಹೋಗ್ಬೇಕು."

ಹೇಳುತ್ತಿದ್ದಂತೆ ತಪ್ಪು ಕಣ್ಣಿಗೆ ಬಿತ್ತು. ಲಿಫ್ಟು ಹೊರಗಿನ ಮಹಡಿಯನ್ನು ಕೇಳಬೇಕಾದ ಕಡೆ ಒಳಗಿನದನ್ನು ಕೇಳುತ್ತಿತ್ತು. ಒಳಗಿನದರ ಹೆಸರು ಬದಲಿಸಿದ. ಲಿಫ್ಟು ದಾರಿಗೆ ಬಂತು. ಆಯ್ತಪ್ಪ ಮೈಮುರಿದು ಎದ್ದ. ಹೆಂಡತಿ ಏಳಲಿಲ್ಲ.

"ರೀ, ಅಲ್ಲೇ ನಿಲ್ಲಿ. ಹಿಂದಿನ ಕೋಣೆ ಯಾರಿಗೆ?"

ಇಲ್ಲಿ ಆ ಮನೆಯ ರಾಜಕೀಯವನ್ನು ಸ್ವಲ್ಪ ಹೇಳಬೇಕು. ಬಾಡಿಗೆಗಿದ್ದ ಹುಡುಗ ಖಾಲಿ ಮಾಡಿದ ಮೇಲೆ ಹಿಂದಿನ ಕೋಣೆ ತೆರವಾಗಿತ್ತು. ಅಲ್ಲಿ ಟ್ಯೂಷನ್ ಮಾಡುತ್ತೇನೆಂದು ಹೆಂಡತಿ ಅಡುಗೆಮನೆಯಲ್ಲಿ ಕೇಳಿದಾಗ ಆಯ್ತಪ್ಪ "ಆಯ್ತು" ಎಂದಿದ್ದ. ಅದನ್ನು ನಂಬಿ ಅವಳು ಶಾಲೆಯ ಲೆಕ್ಕದ ಟೀಚರ್ ಕೆಲಸ ಬಿಟ್ಟಿದ್ದಳು. ಸೋಮವಾರದಿಂದ ಮಕ್ಕಳು ಬರುವವರಿದ್ದರು. ಇನ್ನು ಅತ್ತೆ ಸೊಸೆ ನೇರವಾಗಿ ಮಾತಾಡದೆ ವರ್ಷಗಳೇ ಆಗಿದ್ದವು. ಫ್ಯಾನು ಎಷ್ಟು ಜೋರಾಗಿ ತಿರುಗಬೇಕು ಎಂಬ ಗಹನವಾದ ಪ್ರಶ್ನೆಯಲ್ಲಿ ಮುರಿದುಬಿದ್ದ ಸಂಬಂಧ ಅದು. ಅಂದಿನಿಂದ ಮಾತೆಲ್ಲ ಆಯ್ತಪ್ಪನ ಮೂಲಕವೇ ಹೋಗಿಬರುತ್ತಿತ್ತು. ಅವರಿಬ್ಬರನ್ನು ಒಂದುಮಾಡಲು ಅವನೇನೂ ಹರಸಾಹಸ ಮಾಡಿರಲಿಲ್ಲ.

"ನಿನಗೇ ಕಣೇ," ಎಂದ ಆಯ್ತಪ್ಪ.

"ಅದು ಅಡುಗೆಮನೇಲಿ. ಈಗ ನಡೀರಿ, ಆ ಕೋಣೇಲಿ ನೋಡೋಣ."

ಅವನ ತೋಳು ಹಿಡಿದುಕೊಂಡೇ ಅತ್ತೆಯ ಕೋಣೆಗೆ ಹೋಗಿ ನಿಂತಳು. "ಅತ್ತೆ, ಹಿಂದಿನ ಕೋಣೆ ಬಗ್ಗೆ ಇವರು ನಿಮಗೇನು ಹೇಳಿದಾರೆ?"

ಸೊಸೆಯ ಬಾಯಲ್ಲಿ "ಅತ್ತೆ" ಕೇಳಿ ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ತಂಗಿ ಬರ್ತಾಳಲ್ಲಮ್ಮ ಭಾನುವಾರ, ಎರಡು ತಿಂಗಳು ಇರೋಕೆ. ಅವಳಿಗೆ. ನೀನೇ ಖುಷಿಯಿಂದ ಒಪ್ಪಿದೆ ಅಂದ."

"ನನಗೆ, ನೀವೇ ಖುಷಿಯಿಂದ ಬಿಟ್ಟುಕೊಟ್ರಿ ಅಂದ್ರು."

ಅಷ್ಟರಲ್ಲಿ ಆಯ್ತಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಹೆಂಡತಿ ಅದನ್ನು ಕಿತ್ತುಕೊಂಡು ಸ್ಪೀಕರ್ ಒತ್ತಿ ಅವನ ಮುಂದೆ ಹಿಡಿದಳು. ಮ್ಯಾನೇಜರ್ ಮೇಡಂ.

"ಟೆಸ್ಟಿಂಗ್ ಸಾಮಾನೆಲ್ಲ ನಾಳೆ ನಿಮ್ಮ ಹಿಂದಿನ ಕೋಣೆಗೆ ಕಳಿಸ್ತೀವಿ. ಬಟನ್ ಬೋರ್ಡು, ಮೋಟರು, ಎಲ್ಲ. ಮನೆಯವರು ತುಂಬ ಖುಷಿಯಿಂದ ಒಪ್ಪಿದ್ರು ಅಂದ್ರಲ್ಲ, ಥ್ಯಾಂಕ್ಸ್ ಹೇಳಿಬಿಡಿ."

"ಮೋಟರಾ?" ಎಂದರು ತಾಯಿ.

ಹೆಂಡತಿ ಜಗಳವಾಡಲಿಲ್ಲ. ಆಡಿದ್ದರೆ ಆಯ್ತಪ್ಪ ತಡೆದುಕೊಳ್ಳುತ್ತಿದ್ದ. "ಕೆಲಸ ಬಿಟ್ಟಿದೀನಿ ರೀ, ನಿಮ್ಮ ಒಂದು ಮಾತು ನಂಬ್ಕೊಂಡು," ಎಂದಳು, ಕಣ್ಣು ತುಂಬಿ ಬಂತು. ಆಯ್ತಪ್ಪನಿಗೆ ನಿಜಕ್ಕೂ ನಾಚಿಕೆಯಾಯಿತು.

"ಅಳಬೇಡ ಸುಮ್ನಿರೇ," ಎಂದು ತಾಯಿ ಸೊಸೆಯ ಕೈ ಹಿಡಿದು ಮಂಚದ ಮೇಲೆ ಕೂರಿಸಿಕೊಂಡರು. "ನನ್ನ ತಂಗಿ ನನ್ನ ಪಕ್ಕದಲ್ಲೇ ಮಲಗ್ತಾಳೆ. ಕೋಣೆ ಮಕ್ಕಳಿಗಿರಲಿ. ನೀನೇನೋ ನೋಡ್ತಾ ನಿಂತಿದೀಯ? ಫೋನಲ್ಲಿರೋ ಆಯಮ್ಮನಿಗೆ ಆಗಲ್ಲ ಅಂತ ಹೇಳು."

ಆ ಪದವನ್ನು ಆಯ್ತಪ್ಪ ಬಳಸಿ ಅಭ್ಯಾಸವೇ ಇರಲಿಲ್ಲ. ಮೂರು ಸಲ ಕೆಮ್ಮಿದ ಮೇಲೆ ಹೇಗೋ ಹೊರಬಂತು. ಹಾಗಾದರೆ ಸೋಮವಾರದಿಂದ ದಿನಾ ಆಫೀಸಿಗೇ ಬಂದು ಟೆಸ್ಟ್ ಮಾಡಿ ಎಂದರು ಮೇಡಂ.

ಸೋಮವಾರ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ನಗುತ್ತಿದ್ದರು. ಮನೆಯಲ್ಲಿ ಶಾಂತಿ ನೆಲೆಸಿತಲ್ಲ ಎಂದುಕೊಂಡು ಆಯ್ತಪ್ಪ ಹೊರಗಿನಿಂದಲೇ ಕೂಗಿದ: "ಏನೇ, ಕಾಫಿ ಆಯ್ತಾ?"

"ಆಗಲೇ ಕುಡಿದ್ನಲ್ಲೇ ಅವನು, ನನ್ನ ಹತ್ರ ಇಸ್ಕೊಂಡು," ಎಂದರು ತಾಯಿ ಒಳಗೆ.

"ದಿನಾ ನೀವೂ ಕೊಡ್ತೀರಾ ಅತ್ತೆ?"

"ಕೊಡದೆ ಏನ್ಮಾಡ್ಲಿ? ನೀನು ಕೊಡೋದೇ ಇಲ್ಲ ಅಂತಿದ್ದ."

ಒಳಗೆ ನಗು ನಿಂತಿತು. ಆಮೇಲೆ ಮಣೆ ಎಳೆದ ಸದ್ದು, ಹೆಂಡತಿಯ ಮೆಲುದನಿ.

"ಅತ್ತೆ, ಇಲ್ಲಿ ಕೂತ್ಕೊಳ್ಳಿ. ಇವರು ಇನ್ನೂ ಏನೇನು ಹೇಳಿದಾರೆ, ಮೊದಲಿಂದ ಹೇಳಿ."

ಆಯ್ತಪ್ಪ ಸದ್ದಾಗದಂತೆ ಬಾಗಿಲು ಎಳೆದುಕೊಂಡು, ಇನ್ನೂ ಬೀಗ ತೆಗೆದಿರದ ಆಫೀಸಿನ ಕಡೆ ಹೊರಟ.