‘ಎಲ್ಲಿದೆ?’ ಎಂಬ ಸಾಮಾಜಿಕ ಸಮಸ್ಯೆ

ನನ್ನ ಹೆಂಡತಿ ನಲವತ್ತೇಳನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದಳು. ಸೇರಿಸಿದ್ದು ನಾನೇ ಎಂದು ಊರಿಗೆಲ್ಲ ಡಂಗುರ ಸಾರಿದೆ. (ಸೇರಿಬಂದ ಮೇಲೆ ಅವಳು ನನಗೆ ತಿಳಿಸಿದಳು ಎಂಬ ವಿವರ ಇಲ್ಲಿ ಅಪ್ರಸ್ತುತ.) ವಿಷಯ, ಆಧುನಿಕ ಸಮಾಜಗಳಲ್ಲಿ ಸಾಮಾಜಿಕ ಬದಲಾವಣೆ. ಡ್ರೈವಿಂಗ್ ಸ್ಕೂಲ್ ನಡೆಸುವ ನನಗೆ ಗೊತ್ತಿದ್ದದ್ದು ಗೇರ್ ಬದಲಾವಣೆ ಒಂದೇ. ಆದರೂ ಉದಾರವಾಗಿ, “ಓದು, ಓದು. ಮನೇಲಿ ಮಾತ್ರ ಏನೂ ಬದಲಾಗಬಾರದು, ಅಷ್ಟೆ,” ಎಂದು ಆಶೀರ್ವದಿಸಿದೆ.

ಎರಡನೆಯ ಸೆಮಿಸ್ಟರಿನಲ್ಲಿ ಅವಳ ಕಿವಿ ಕೆಟ್ಟಿತು.

“ಲೇ, ನನ್ನ ಟವೆಲ್ ಎಲ್ಲಿದೆ?” ಎಂದು ಬಚ್ಚಲಿನಿಂದ ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಕೊನೆಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯಾಚೆಯಿಂದ, “ಮಹಡಿ ಮೇಲೆ ಒಣಗ್ತಾ ಇದೆ ಸ್ವಾಮೀ! ಪಟ್ಟೆ ಟವೆಲ್ ತಾನೇ?” ಎಂದರು.

ಕಾಲುಚೀಲ, ಕತ್ತರಿ, ಕಾರಿನ ಕೀಲಿ, ಎಲ್ಲಕ್ಕೂ ಇದೇ ಕಥೆ. ಆದರೆ ನಾನು ಫೋನಿನಲ್ಲಿ ಅವಳ ಅಣ್ಣನ ಬಗ್ಗೆ ಪಿಸುಗುಟ್ಟಿದ್ದು ಮಾತ್ರ ಅಡುಗೆಮನೆಗೆ ಅಕ್ಷರಶಃ ತಲುಪುತ್ತಿತ್ತು. ಹೆದರಿ ಕಿವಿಯ ಡಾಕ್ಟರ ಬಳಿಗೆ ಕರೆದೊಯ್ದೆ. ಅವರು ಪರೀಕ್ಷಿಸಿ, “ಇವರ ಕಿವಿ ಚೆನ್ನಾಗೇ ಇದೆ. ನೀವ್ಯಾಕೆ ಹೀಗೆ ಕಿರುಚ್ತೀರಿ? ಬನ್ನಿ, ನಿಮ್ಮ ಕಿವೀನೂ ನೋಡೋಣ,” ಎಂದರು.

ಬೇರೆ ದಾರಿಯಿಲ್ಲದೆ ನಾನೇ ಹುಡುಕತೊಡಗಿದೆ. ಸ್ವಂತ ಮನೆಯಲ್ಲಿ ಪ್ರವಾಸಿಯಂತೆ ಅಲೆದೆ. ನಮ್ಮಲ್ಲಿ ಇಸ್ತ್ರಿಪೆಟ್ಟಿಗೆ ಇದೆ ಎಂಬ ಸಂಗತಿಯನ್ನು ಕಂಡುಹಿಡಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ವರ್ಷದ ಕೊನೆಗೆ ಅವಳು ತನ್ನ ಅಧ್ಯಯನವನ್ನು ತರಗತಿಯ ಮುಂದೆ ಮಂಡಿಸಬೇಕಿತ್ತು. ಅದರಲ್ಲಿ ತಪ್ಪಿದರೆ ವರ್ಷದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬೆಳಗ್ಗೆಯಿಂದ ಅವಳು ಟಿಪ್ಪಣಿಗಳನ್ನು ಹತ್ತು ಸಲ ತಿರುವಿಹಾಕಿದ್ದಳು. ಧೈರ್ಯ ತುಂಬಲು ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಗತ್ತಿನಿಂದ ಕೂತೆ.

“ನನ್ನ ಪ್ರಯೋಗ ಸಣ್ಣದು,” ಎಂದಳು. “ಒಂದು ಮನೇಲಿ ‘ಎಲ್ಲಿದೆ?’ ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ನಿಲ್ಲಿಸಿದೆ. ಪ್ರಯೋಗಕ್ಕೆ ಒಳಗಾದವರು ಐವತ್ತೆರಡು ವರ್ಷದ ಗಂಡಸು. ಈಗ ಅವರು ಪೂರ್ತಿ ಬದಲಾಗಿದ್ದಾರೆ.”

ತರಗತಿ ಗೊಳ್ಳೆಂದಿತು. ಭೂಮಿ ಬಾಯ್ಬಿಡಬಾರದೇ ಅನ್ನಿಸಿತು ನನಗೆ. ಆದರೆ ಪ್ರೊಫೆಸರಮ್ಮ ನಗಲಿಲ್ಲ. “ಬದಲಾಗಿದ್ದಾರೆ ಅನ್ನೋಕೆ ನಿಮ್ಮ ಮಾತು ಬಿಟ್ಟು ಸಾಕ್ಷಿ ಏನಿದೆ? ಸಾಕ್ಷಿ ಇಲ್ಲದೆ ಹೇಗೆ ಪಾಸು ಮಾಡ್ಲಿ?” ಎಂದರು.

ಅವಳ ಮುಖ ಬಾಡಿತು. ನಾನು ಧಡಕ್ಕನೆ ಎದ್ದು, “ಕತ್ತರಿ ಎರಡನೇ ಡ್ರಾಯರಲ್ಲಿದೆ! ಟಾರ್ಚಿನ ಸೆಲ್ಲು ಫ್ರಿಜ್ ಮೇಲಿನ ಡಬ್ಬೀಲಿ! ಗುಂಡಿ ಹೊಲಿಯೋ ದಾರ ಬಿಸ್ಕತ್ತಿನ ಡಬ್ಬೀಲಿ, ಬಿಸ್ಕತ್ತು ಮಾತ್ರ ಎಲ್ಲೂ ಇಲ್ಲ!” ಎಂದೆ.

“ಇದೆಲ್ಲ ನಿಮಗೆ ಯಾವಾಗಿಂದ ಗೊತ್ತು?” ಎಂದು ಪ್ರೊಫೆಸರಮ್ಮ ನನ್ನನ್ನು ಕೇಳಿದರು.

‘ಮೊದಲಿನಿಂದ’ ಎಂದರೆ ನನ್ನ ಮಾನ ಉಳಿಯುತ್ತಿತ್ತು, ಅವಳು ಫೇಲಾಗುತ್ತಿದ್ದಳು. ಅವಳ ಕಡೆ ನೋಡಿದೆ.

“ಈ ವರ್ಷದಿಂದ ಮೇಡಂ. ಅದಕ್ಕೆ ಮುಂಚೆ ನನ್ನ ಟವೆಲ್ ಎಲ್ಲಿದೆ ಅಂತ ಪಕ್ಕದ ಮನೆಯವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.”

ಚಪ್ಪಾಳೆಯೋ ಚಪ್ಪಾಳೆ. ಅವಳಿಗೆ ತರಗತಿಗೇ ಹೆಚ್ಚು ಅಂಕ ಬಂತು. ಮನೆಗೆ ಬರುವ ದಾರಿಯಲ್ಲಿ ಅವಳು ನನ್ನ ತೋಳು ಹಿಡಿದು ನಡೆದಳು, ಮದುವೆಯಾದ ಹೊಸತರಲ್ಲೂ ಹಾಗೆ ಹಿಡಿದಿರಲಿಲ್ಲ. ನಾನು ಉಬ್ಬಿಹೋದೆ.

“ಮುಂದಿನ ವರ್ಷ ನಾನೂ ಸೇರ್ತೀನಿ ಕಣೇ!”

“ಸೇರಿ ರೀ! ನಿಜವಾಗ್ಲೂ ಸೇರಿ. ಅರ್ಜಿ ಹಾಕೋಕೆ ನಾಳೆಯೇ ಕೊನೇ ದಿನ. ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಒಂದಿದ್ರೆ ಸಾಕು.”

ಉತ್ಸಾಹದಿಂದ ಮನೆಗೆ ನುಗ್ಗಿ ಕಪಾಟು ತೆಗೆದೆ, ಡ್ರಾಯರುಗಳನ್ನು ಎಳೆದೆ, ಮಂಚದ ಕೆಳಗೂ ತೂರಿದೆ. ಕೊನೆಗೆ ತಡೆಯಲಾರದೆ ಕೂಗಿದೆ:

“ಲೇ, ನನ್ನ ಡಿಗ್ರಿ ಸರ್ಟಿಫಿಕೇಟ್ ಎಲ್ಲಿದೆ?”

ಅಡುಗೆಮನೆಯಿಂದ ಉತ್ತರವಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೋಡೆಯಾಚೆಯಿಂದ ಮೇಷ್ಟ್ರ ದನಿ ಕೇಳಿಸಿತು.

“ಅದೊಂದು ನನಗೂ ಗೊತ್ತಿಲ್ಲ ಸ್ವಾಮೀ!”