ಬೆನ್ನು ತಿರುಗಿಸಿ ನಿಂತ ಮ್ಯಾನೇಜರು

ನನ್ನ ಹೆಂಡತಿಯ ತಮ್ಮ ಭೀಮಗೊಂಡನನ್ನು ನಮ್ಮೂರ ಫುಟ್‌ಬಾಲ್ ತಂಡದ ಮ್ಯಾನೇಜರ್ ಹುದ್ದೆಯಿಂದ ಕಿತ್ತುಹಾಕಬೇಕೆಂಬ ದಿವ್ಯ ಆಲೋಚನೆ ನನಗೆ ಹೊಳೆದದ್ದು ಒಂದು ಭಾನುವಾರ ಸಂಜೆ, ರಾಯಬಾಗದವರು ನಮಗೆ ನಾಲ್ಕನೆಯ ಗೋಲು ಹೊಡೆದ ಶುಭ ಮುಹೂರ್ತದಲ್ಲಿ. ಆಲೋಚನೆ ಎಷ್ಟೇ ದಿವ್ಯವಾಗಿರಲಿ, ಅದು ಹೆಂಡತಿಯ ತವರಿನ ಕಡೆ ಮುಖ ಮಾಡಿದ್ದರೆ ಹುಟ್ಟಿದಲ್ಲೇ ಅದುಮಿಬಿಡಬೇಕು ಎಂಬುದು ಮದುವೆಯಾದ ಯಾರಿಗಾದರೂ ಗೊತ್ತು. ನನಗೂ ಗೊತ್ತಿತ್ತು. ಆದರೆ ನಾಲ್ಕು ಗೋಲು ತಿಂದ ಹೊಟ್ಟೆಯಲ್ಲಿ ವಿವೇಕಕ್ಕೆ ಜಾಗವೆಲ್ಲಿ?

ಕಬ್ಬೂರಿನಲ್ಲಿ ಫುಟ್‌ಬಾಲೇ ಎಂದು ಹುಬ್ಬೇರಿಸಬೇಡಿ. ಫುಟ್‌ಬಾಲ್ ಹುಚ್ಚಿನ ಕೊಲ್ಲಾಪುರದ ಗಾಳಿ ಗಡಿ ಗಿಡಿ ನೋಡದೆ ನಮ್ಮ ಕಡೆಗೂ ಬೀಸುತ್ತದೆ. ನಮ್ಮ ನವತರುಣ ಮಂಡಳಕ್ಕೆ ಹನ್ನೊಂದು ಆಟಗಾರರು, ಒಬ್ಬ ಮ್ಯಾನೇಜರು, ಮತ್ತು ಆಟದ ಬಗ್ಗೆ ಈ ಹನ್ನೆರಡೂ ಜನರಿಗಿಂತ ಹೆಚ್ಚು ತಿಳಿದ ಅರವತ್ತು ಅಭಿಮಾನಿಗಳು ಇದ್ದೇವೆ. ಸ್ಟೇಡಿಯಂ ಎಂದರೆ ಊರಾಚೆಯ ಬಯಲು. ಗ್ಯಾಲರಿ ಎಂದರೆ ಬಯಲಿನ ಅಂಚಿಗೆ ತಂದು ನಿಲ್ಲಿಸಿದ ಕಬ್ಬಿನ ಟ್ರಾಲಿ. (ಟ್ರಾಲಿ ನನ್ನದೇ. ಹಾಗಾಗಿ ಅಭಿಮಾನಿಗಳ ಮುಖಂಡನೂ ಈ ಬಾಪುಸಾಹೇಬನೇ.)

ಭೀಮಗೊಂಡನ ಮೇಲೆ ನನಗಿದ್ದ ದೂರು ಒಂದೇ, ಆದರೆ ಗಟ್ಟಿಯಾದದ್ದು. ಅವನು ಆಟ ನೋಡುತ್ತಿರಲಿಲ್ಲ. ಬೇರೆ ತಂಡಗಳ ಮ್ಯಾನೇಜರುಗಳು ಗೆರೆಯ ಪಕ್ಕದಲ್ಲಿ ಓಡಾಡಿ, ಕೂಗಾಡಿ, ತಲೆ ಚಚ್ಚಿಕೊಳ್ಳುವಾಗ ನಮ್ಮ ಮಹಾನುಭಾವ ಮೈದಾನಕ್ಕೆ ಬೆನ್ನು ತಿರುಗಿಸಿ, ಕೈಯಲ್ಲೊಂದು ಕೋಲು ಹಿಡಿದು, ದೂರದಲ್ಲಿ ಮೇಯುವ ಆಡುಗಳನ್ನು ನೋಡುತ್ತ ನಿಂತಿರುತ್ತಿದ್ದ. ಹಿಂದೆ ಗೋಲಾದರೆ ಒಮ್ಮೆ ಕತ್ತು ತಿರುಗಿಸಿ, "ಯಾರಿಗಾತು?" ಎಂದು ಕೇಳುತ್ತಿದ್ದ. ನಮಗೇ ಆಗಿರುತ್ತಿತ್ತು.

ಆ ಸಂಜೆ ಮನೆಗೆ ಬಂದವನೇ ಹೆಂಡತಿ ಸುಗಂಧಾಳ ಮುಂದೆ ನನ್ನ ನಿರ್ಧಾರವನ್ನು ಘೋಷಿಸಿದೆ.

"ನಿನ್ನ ತಮ್ಮನ್ನ ತಗೀತೀವಿ."

"ಎಲ್ಲಿಂದ ತಗೀತೀರಿ?" ಅವಳು ಜೋಳದ ಭಕ್ಕರಿ ಬಡಿಯುವ ಕೈ ನಿಲ್ಲಿಸಲಿಲ್ಲ.

"ಮ್ಯಾನೇಜರಕೀಯಿಂದ. ಆಟ ಬಿಟ್ಟು ಆಡು ನೋಡ್ತಾನಂವ."

"ನೀವು ಆಟ ನೋಡಿ ಏನ ಕಡದ್ರಿ? ನೀವು ನೋಡಿದ್ರೂ ನಾಕ್ ಗೋಲ ಆದ್ವಿಲ್ಲೋ?"

ಹೆಂಡತಿ ತರ್ಕಕ್ಕಿಳಿದಾಗ ಗಂಡಸರು ಮಾಡುವುದನ್ನೇ ನಾನೂ ಮಾಡಿದೆ. ಚಹಾದಂಗಡಿಗೆ ಹೋದೆ.

ಅಲ್ಲಿ ಒಂದೇ ವಾರದಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡವು. 'ಹೋಗಲಿ' ಪಕ್ಷಕ್ಕೆ ನಾನು ಅಧ್ಯಕ್ಷ, ನನ್ನ ಗೆಳೆಯ ಸಮಾಧಾನ ಕಾರ್ಯದರ್ಶಿ. (ಹೆಸರು ಸಮಾಧಾನ. ಆದರೆ ಅವನಿಗೆ ಯಾವ ಮ್ಯಾನೇಜರಿನಿಂದಲೂ ಸಮಾಧಾನವಾದದ್ದಿಲ್ಲ.) 'ಇರಲಿ' ಪಕ್ಷಕ್ಕೆ ಬಯಲಿನ ಪಕ್ಕದ ಹೊಲದ ವಿರುಪಾಕ್ಷಪ್ಪನವರು ಮುಖಂಡರು.

"ಹದಿನಾಕ್ ವರ್ಷ ನಡಸ್ಯಾನ. ಒಂದ್ ತಕರಾರ ಬಂದಿಲ್ಲ. ಇರ್ಲಿ ಬಿಡ್ರೆಪಾ," ಎನ್ನುತ್ತಿದ್ದರು ವಿರುಪಾಕ್ಷಪ್ಪ.

"ತಕರಾರ ಬಂದಿಲ್ರಿ, ಕಪ್ಪೂ ಬಂದಿಲ್ರಿ!" ಎಂದು ಸಮಾಧಾನ ಮೇಜು ಗುದ್ದುತ್ತಿದ್ದ.

ಮಂಡಳದ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ಶುಭೋದಯಗಳೆಲ್ಲ ಬತ್ತಿಹೋಗಿ, ಬರೀ ಇರಲಿ, ಹೋಗಲಿ, ಇರಲಿ, ಹೋಗಲಿ. ನಡುವೆ ಯಾರೋ ಒಬ್ಬ ಪುಣ್ಯಾತ್ಮ ಎಮ್ಮೆ ಮಾರಾಟಕ್ಕಿದೆ ಎಂದು ಹಾಕಿದರೆ, ಅದರ ಕೆಳಗೂ ಇಪ್ಪತ್ತು ಜನ 'ಇರಲಿ' ಎಂದು ಬರೆದರು.

ಮನೆಯಲ್ಲಿ ಸುಗಂಧಾ ಬೇರೆಯೇ ತರಹದ ಚಳವಳಿ ಹೂಡಿದಳು. ನಾವು ಜೈನರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಬೇಕೆಂಬ ನೇಮ ಇದೆ. ಆದರೆ ನನ್ನ ಮಟ್ಟಿಗೆ ಅದು ಇಷ್ಟು ವರ್ಷ ಸ್ವಲ್ಪ ಹಿಗ್ಗುವ ನೇಮವಾಗಿತ್ತು. ಈಗ ಚಹಾದಂಗಡಿಯ ಸಭೆ ಮುಗಿಸಿ ನಾನು ಹೊಸ್ತಿಲು ತುಳಿಯುವ ಹೊತ್ತಿಗೆ ಪಾತ್ರೆಗಳೆಲ್ಲ ತೊಳೆದು ಬೋರಲಾಗಿರುತ್ತಿದ್ದವು.

"ಇನ್ನೂ ಬೆಳಕೈತಲ್ಲ ಸುಗಂಧಾ!"

"ಅದು ಕರೆಂಟಿನ ಬೆಳಕ್ರಿ."

ಮೂರು ದಿನ ಉಪವಾಸ ಮಲಗಿದೆ. ನನ್ನ ತಪಸ್ಸು ನೋಡಿ ಬಸದಿಯ ಪಂಡಿತರೇ ಮೆಚ್ಚಿಕೊಂಡರು. ಕಾರಣ ಹೇಳಲು ನನಗೆ ಧೈರ್ಯವಾಗಲಿಲ್ಲ.

ಕೊನೆಗೂ ಮತದಾನದ ದಿನ ಬಂತು. ಅರವತ್ತು ಅಭಿಮಾನಿಗಳು ಬಯಲಿನಲ್ಲಿ ಸೇರಿದರು. 'ಹೋಗಲಿ' ಮೂವತ್ತೊಂದು, 'ಇರಲಿ' ಇಪ್ಪತ್ತೊಂಬತ್ತು. ಐತಿಹಾಸಿಕ ವಿಜಯ! ಭೀಮಗೊಂಡ ಅತ್ತುಬಿಡುತ್ತಾನೇನೋ ಎಂದು ನನಗೆ ಒಳಗೊಳಗೇ ಅಳುಕಿತ್ತು. ಅವನು ಎದ್ದು ಬಂದು, ಕೊರಳಿನ ಸೀಟಿಯನ್ನು ತೆಗೆದು ನನ್ನ ಕೊರಳಿಗೆ ಹಾಕಿ, ಎರಡೂ ಕೈ ಹಿಡಿದುಕೊಂಡ.

"ದಾಜಿ," ಎಂದ. (ನಮ್ಮ ಕಡೆ ಅಕ್ಕನ ಗಂಡನನ್ನು ಹಾಗೆ ಕರೆಯುತ್ತಾರೆ.) "ನಿಮ್ಮ ಉಪಕಾರ ಮರಿಯಂಗಿಲ್ಲ. ಪ್ರತಿ ವರ್ಷಾ ಬಿಡ್ತೀನಿ ಅಂತಿದ್ದೆ, ಯಾರೂ ತಗೊಳ್ಳಾಕ ಮುಂದ ಬರ್ತಿದ್ದಿಲ್ಲ. ನೀವು ಬಂದ್ರಿ."

"ನಾನೆಲ್ಲಿ ಬಂದೆ?" ಎನ್ನುವಷ್ಟರಲ್ಲಿ ಚಪ್ಪಾಳೆ ಬಿತ್ತು. ತೆಗೆಸಿದವನೇ ನಡೆಸಬೇಕು ಎಂದು ಎರಡೂ ಪಕ್ಷಗಳು ಮೊದಲ ಬಾರಿಗೆ ಒಂದಾದವು.

"ಇನ್ನೊಂದ್ ಮಾತ ದಾಜಿ. ಆ ಆಡು..."

"ನಿನ್ನ ಆಡಿನ ಸುದ್ದಿ ಸಾಕ್ ಮಾಡಪಾ. ನಾ ಬಂದಿದ್ದು ಆಟ ನೋಡಾಕ," ಎಂದೆ. ಕೊರಳಿಗೆ ಸೀಟಿ ಬಿದ್ದ ಐದೇ ನಿಮಿಷಕ್ಕೆ ಮನುಷ್ಯನ ದನಿ ಹೇಗೆ ಬದಲಾಗುತ್ತದೆ ನೋಡಿ.

ಮುಂದಿನ ಭಾನುವಾರ ನಿಪ್ಪಾಣಿ ತಂಡದೊಂದಿಗೆ ಪಂದ್ಯ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದೆ. ನಮ್ಮ ಗೋಲ್‌ಕೀಪರ್ ಅಮೋಘಸಿದ್ದ ಬಂದ. ಅವನ ಹಿಂದೆ ನಲವತ್ತೆರಡು ಆಡುಗಳೂ ಬಂದವು.

"ಇವು ಯಾರ ಆಡೋ?"

"ನನ್ನೂವ್ರೀ. ನಾ ಗೋಲಿನಾಗ ನಿಂತಾಗ ಭೀಮಗೊಂಡಣ್ಣ ಕಾಯ್ತಿದ್ರು. ಇವತ್ತ ಯಾರ ಕಾಯ್ತಾರ್ರಿ?"

ಹದಿನಾಲ್ಕು ವರ್ಷದ ಬೆನ್ನಿನ ರಹಸ್ಯ ನನಗೆ ಆಗ ತಿಳಿಯಿತು. ಆದರೆ ನಿಪ್ಪಾಣಿಯ ಮ್ಯಾನೇಜರು ಆಗಲೇ ಗೆರೆಯ ಪಕ್ಕ ಜೋರಾಗಿ ಓಡಾಡತೊಡಗಿದ್ದರು. ಅವರೆದುರು ನಾನು ಕೋಲು ಹಿಡಿದು ನಿಲ್ಲುವುದೇ? "ಅವು ತಮ್ಮ ಪಾಡಿಗೆ ಮೇಯ್ತಾವ. ನೀ ಹೋಗಿ ಗೋಲಿನಾಗ ನಿಂದರು," ಎಂದು ಅಪ್ಪಣೆ ಕೊಡಿಸಿದೆ.

ಹತ್ತು ನಿಮಿಷ ಎಲ್ಲವೂ ಚೆನ್ನಾಗಿತ್ತು. ಹನ್ನೊಂದನೆಯ ನಿಮಿಷಕ್ಕೆ ನಿಪ್ಪಾಣಿಯ ಹುಡುಗನೊಬ್ಬ ಚೆಂಡು ತೆಗೆದುಕೊಂಡು ನಮ್ಮ ಗೋಲಿನತ್ತ ನುಗ್ಗಿ ಬಂದ. ಅಮೋಘಸಿದ್ದ ಎತ್ತಲೋ ನೋಡುತ್ತಿದ್ದ. ಅವನನ್ನು ಹುರಿದುಂಬಿಸಲೆಂದು ನಾನು ಗಂಟಲು ಹರಿಯುವಂತೆ ಕೂಗಿದೆ:

"ಅಮೋಘ್ಯಾ, ಆಡು! ಆಡು!"

ನಾನು ಹೇಳಿದ್ದು ಆಟ ಆಡು ಎಂದು. ಅವನಿಗೆ ಕೇಳಿಸಿದ್ದು ನಾಲ್ಕು ಕಾಲಿನ ಆಡು. ಅಯ್ಯಯ್ಯೋ ಎಂದು ತಿರುಗಿ ನೋಡಿದ. ನಿಜಕ್ಕೂ ಅವು ಸಾಲುಗಟ್ಟಿ ವಿರುಪಾಕ್ಷಪ್ಪನವರ ಗೋವಿನಜೋಳಕ್ಕೆ ಇಳಿಯುತ್ತಿದ್ದವು. ಗೋಲು ಬಿಟ್ಟು ಓಡಿದ. ಅವನ ಹಿಂದೆ ತಂಡದಲ್ಲಿದ್ದ ಅವನ ಮೂವರು ಸೋದರಸಂಬಂಧಿಗಳು ಓಡಿದರು. ಅವರ ಹಿಂದೆ, "ನನ್ನ ಪೀಕ ಹೋತಲೇ!" ಎಂದು ಬೊಬ್ಬೆ ಹೊಡೆಯುತ್ತ ವಿರುಪಾಕ್ಷಪ್ಪ. ನಿಪ್ಪಾಣಿಯ ಹುಡುಗ ಖಾಲಿ ಗೋಲಿನ ಮುಂದೆ ಪಾಪ, ಸಂಕೋಚದಿಂದ ಒಂದು ಗಳಿಗೆ ನಿಂತು, ಆಮೇಲೆ ಚೆಂಡನ್ನು ಮೆಲ್ಲಗೆ ಒಳಗೆ ತಳ್ಳಿದ.

ನಂತರದ್ದನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ. ಆಡುಗಳ ಹಿಂದೆ ಹೋದವರು ತಿರುಗಿ ಬಾರದೆ, ಬೇರೆ ದಾರಿಯಿಲ್ಲದೆ ಐವತ್ತೆರಡು ವರ್ಷದ ನಾನೇ ಗೋಲಿನಲ್ಲಿ ನಿಂತೆ. ಒಂಬತ್ತು ಗೋಲು ಆಯಿತು. ಹತ್ತನೆಯದು ನನ್ನ ಹೊಟ್ಟೆಗೆ ಬಡಿದು ನಿಂತಿತು. ನೆಲಕ್ಕೊರಗಿದ ನನ್ನ ಫೋಟೋವನ್ನು ಸಮಾಧಾನ ಗುಂಪಿಗೆ ಹಾಕಿದ. ಕೆಳಗೆ ಬರೆದಿದ್ದ: 'ಹೋಗಲಿ'.

ನನಗೆ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಹಿಗ್ಗೇ ಆಯಿತು. ನನ್ನನ್ನು ತೆಗೆದರೆ ಮತ್ತೆ ಟ್ರಾಲಿಯ ಮೇಲೆ ಕುಳಿತು ಬಯ್ಯಬಹುದು. ಇದಕ್ಕಿಂತ ಸುಖದ ಕೆಲಸ ಈ ಭೂಮಂಡಲದಲ್ಲಿ ಬೇರೆ ಯಾವುದಿದೆ? ನಾನೇ ಮುಂದಾಗಿ, ಹುಮ್ಮಸ್ಸಿನಿಂದ, ನಮ್ಮ ಮನೆಯ ಅಂಗಳದಲ್ಲೇ ಸಭೆ ಕರೆದೆ. ಚಹಾ, ಅವಲಕ್ಕಿ ಚೂಡಾ ನನ್ನ ಕಡೆಯಿಂದಲೇ.

ಸಮಾಧಾನ ಎದ್ದು ನಿಂತು ನನ್ನ ಅಪರಾಧಗಳನ್ನು ವಿವರಿಸಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ ನಾನೇ ತಲೆದೂಗಿದೆ. ಆಡು ಮೇಯ್ದ ಗೋವಿನಜೋಳದ ಸಂಕಟದಲ್ಲಿ ವಿರುಪಾಕ್ಷಪ್ಪನವರೂ 'ಹೋಗಲಿ' ಪಕ್ಷ ಸೇರಿದ್ದರು. ಎಲ್ಲವೂ ಸಾಂಗವಾಗಿ ನಡೆಯುತ್ತಿತ್ತು. ಆಗ ಚಹಾದ ತಟ್ಟೆ ಕೆಳಗಿಟ್ಟು ಸುಗಂಧಾ ಸೆರಗು ಸರಿಮಾಡಿಕೊಂಡಳು.

"ನಂದೊಂದ್ ಮಾತ ಕೇಳ್ರಿ. ನಮ್ಮ ತಮ್ಮ ಈಗ ಐತವಾರ ಮನ್ಯಾಗ ಹೆಂಡ್ರು ಮಕ್ಳ ಜೋಡಿ ನಕ್ಕೋತ ಉಣ್ಣಾಕತ್ತಾನ. ಅಂವ ತಿರಗಿ ಬರಂಗಿಲ್ಲ."

"ಅದು ಖರೆ ಐತ್ರಿ ವೈನಿ. ಆದ್ರ ಇವರು..." ಎಂದು ಸಮಾಧಾನ ಅತ್ತಿಗೆಯೆದುರು ರಾಗ ಎಳೆದ.

"ಇವರನ್ನ ನೀವು ತಗದ್ರ ಎಲ್ಲಿಗೆ ಕಳಸ್ತೀರಿ? ಮನೀಗೇ ಕಳಸ್ತೀರಿ. ಇಡೀ ಐತವಾರ ಮನ್ಯಾಗ ಕುಂತು ಭಕ್ಕರಿ ದಪ್ಪ ಆತು, ಪಲ್ಯಾಕ್ಕ ಉಪ್ಪ ಕಡಿಮಿ ಆತು ಅಂತ ನನ್ನ ಮ್ಯಾಲ ಮ್ಯಾನೇಜರಕಿ ಮಾಡ್ತಾರ. ನೀವು ಒಂದ ಮ್ಯಾಚಿಗೇ ಬ್ಯಾಸತ್ತು ಹೋದ್ರಿ. ನಾ ಇಪ್ಪತ್ತಾರು ವರ್ಷದಿಂದ ಇಟ್ಕೊಂಡಿಲ್ಲೇನು? ನಾ ಒಂದ್ ಸಲಾನರ ಸಭಾ ಕರದೇನೇನು?"

ಮದುವೆಯಾದವರೆಲ್ಲ ನೆಲ ನೋಡಿದರು. ಗೋವಿನಜೋಳವನ್ನೂ ಮರೆತು ವಿರುಪಾಕ್ಷಪ್ಪನವರು ಕಣ್ಣೊರೆಸಿಕೊಂಡರು.

"ತಾಯೀ, ನಿಮ್ಮ ಸಹನಾ ಮುಂದ ನಮ್ಮದೇನ್ರಿ," ಎಂದ ಸಮಾಧಾನ, ಕೈ ಮುಗಿದು. "ಬಾಪುಸಾಹೇಬ ಇರ್ಲಿ ಅನ್ನಾವ್ರು ಕೈ ಎತ್ರಿ!"

ಒಂದೊಂದಾಗಿ ಕೈಗಳು ಮೇಲೆದ್ದವು. ಐವತ್ತು, ಐವತ್ತೈದು, ಐವತ್ತೊಂಬತ್ತು. "ನನ್ನ ಮಾತೂ ಸ್ವಲ್ಪ ಕೇಳ್ರೆಪಾ, ನನಗ ಬ್ಯಾಡಿದು!" ಎನ್ನಲು ನಾನು ಗಾಬರಿಯಿಂದ ಎದ್ದು ಕೈ ಮೇಲೆತ್ತಿದೆ. ಗದ್ದಲದಲ್ಲಿ ಮಾತು ಯಾರಿಗೂ ಕೇಳಲಿಲ್ಲ. ಕೈ ಮಾತ್ರ ಎಲ್ಲರಿಗೂ ಕಂಡಿತು.

"ಅರವತ್ತು!" ಎಂದು ಸಮಾಧಾನ ಕೂಗಿದ. "ಸರ್ವಾನುಮತ!"

ಸುಗಂಧಾ ನನ್ನತ್ತ ತಿರುಗಿ, ಮದುವೆಯಾದ ಹೊಸದರಲ್ಲಿ ನೋಡಿದ್ದಂತಹ ಒಂದು ಪ್ರಸನ್ನ ನೋಟ ಬೀರಿ, ನನ್ನ ಕೈಗೆ ಚಹಾದ ಕಪ್ಪು ಕೊಟ್ಟಳು.